ಮಾವನ ಕಸಿ ಚಾಕು

“ಬಿಸಾಡು ಕೂಸೇ, ಅದರ ಕಾಲ ಮುಗೀತು,” ಎಂದರು ನನ್ನ ಮಾವ. ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದಾಗಿನ ಮಾತು. ಗಾಳಿಬೀಡಿನ ತೋಟದಲ್ಲಿ ಅವರು ಕಿತ್ತಳೆಗೆ ಕಸಿ ಕಟ್ಟುತ್ತಿದ್ದ ಮಡಚುವ ಚಾಕು ಅದು. ಅವರ ಕಣ್ಣು ಹೋದ ಮೇಲೆ ತುಕ್ಕು ಹಿಡಿದಿತ್ತು.

ನಾನು ಬಿಡಲಿಲ್ಲ. ಎಣ್ಣೆ ಬಿಟ್ಟು ತೆರೆದು ಬೆಳಕಿಗೆ ಹಿಡಿದೆ. ಅಲಗಿನ ಬಾಯಿ ಮೊಂಡಾದ ಕಡೆಯೆಲ್ಲ ಬಿಳಿ ಗೆರೆ ಹೊಳೆಯಿತು. ಅದು ಮಾಯವಾಗುವವರೆಗೂ ಮಸೆದು ಅವರ ಕೈಗಿಟ್ಟೆ. ಮಾವ ಅಲಗನ್ನು ಉಗುರಿನ ಮೇಲೆ ಮೆಲ್ಲಗೆ ಎಳೆದರು. ಹರಿತವಿದ್ದರೆ ಅದು ಉಗುರಿಗೆ ಕಚ್ಚಬೇಕು; ತುದಿಯ ಹತ್ತಿರ ಜಾರಿತು. ನನಗೆ ಅಲ್ಲಿ ಏನೂ ಕಾಣಲಿಲ್ಲ; ಆದರೂ ಮತ್ತೆ ಮಸೆದೆ. ಈ ಸಲ ಎಲ್ಲೂ ಜಾರಲಿಲ್ಲ. ಚಾಕು ಮಡಚಿ ನನಗೇ ಕೊಟ್ಟರು: “ನಾಳೆ ನಾನು ಹೇಳ್ತೇನೆ, ಕಸಿ ನೀನು ಕಟ್ಟು.”

ಈಗಲೂ ಯಾವ ಚಾಕು ಮಸೆದರೂ ಕೊನೆಗೆ ಕಣ್ಣು ಮುಚ್ಚಿಯೇ ನೋಡುತ್ತೇನೆ. ಕಣ್ಣಿಗೆ ಕಂಡ ಹರಿತವನ್ನು ನಾನು ನಂಬುವುದಿಲ್ಲ.