ವಿಯೆಟ್ನಾಮಿಗೆ ಹೋಗಿ ಬಂದ ಅಕ್ಕ

ಕಳೆದ ವಾರ ವಡೋದರದ ನಮ್ಮ ಅಡುಗೆಮನೆಯಲ್ಲಿ ಗುರೆಳ್ಳು ಹುರಿಯುತ್ತಿದ್ದೆ. ಊರಿಗೆ ಹೋಗಿ ಬಂದ ಹುಬ್ಬಳ್ಳಿಯ ಸಹೋದ್ಯೋಗಿಯೊಬ್ಬರು ತಂದುಕೊಟ್ಟಿದ್ದರು. ಕಪ್ಪು ಕಾಳು ಚಟಪಟ ಸಿಡಿದು ಘಮ್ಮೆಂದು ವಾಸನೆ ಎದ್ದದ್ದೇ ತಡ, ಸೂರತ್ತಿನ ಅಡಾಜಣ್‌ನಲ್ಲಿದ್ದ ನಮ್ಮ ಎದುರು ಮನೆ ನೆನಪಾಯಿತು... ಮೈಸೂರಿನವಳಾದ ನನಗೆ ಗುರೆಳ್ಳು ಪುಡಿಯ ರುಚಿ ಹತ್ತಿಸಿದವರು ಆ ಮನೆಯ ಅಕ್ಕ.

ಅಕ್ಕ ಧಾರವಾಡದವರು. ಗಂಡ ವಿಮಾ ಕಚೇರಿಯಲ್ಲಿದ್ದರು, ವರ್ಗವಾಗಿ ಬಂದವರು. ಎಂಟು ವರ್ಷದ ಒಬ್ಬಳೇ ಮಗಳು. ಇಂಗ್ಲಿಷ್ ಮಾತು ಕಲಿಸುವ ಕೋಚಿಂಗ್ ಕ್ಲಾಸಿನಲ್ಲಿ ಅಕ್ಕ ಪಾಠ ಮಾಡುತ್ತಿದ್ದರು; ಓದು ಮುಗಿಸಿ ಬಾಡಿಗೆಗೆ ಬಂದಿದ್ದ ನನಗೂ ಅಲ್ಲೇ ಕೆಲಸ ಕೊಡಿಸಿದರು. ಅವರ ಬಳಿ ಕಲಿತವರು ಕೆನಡಾಕ್ಕೋ ಆಸ್ಟ್ರೇಲಿಯಾಕ್ಕೋ ಹೋಗಿ ಹಿಮದಲ್ಲಿ ನಿಂತ ಫೋಟೊ ಕಳಿಸುತ್ತಿದ್ದರು. ಅಕ್ಕ ಅವನ್ನು ಬಹಳ ಹೊತ್ತು ನೋಡುತ್ತಿದ್ದರು.

ಒಂದು ದಿನ ಅವರಿಗೇ ಕರೆ ಬಂತು. ವಿಯೆಟ್ನಾಮಿನ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುವ ಕೆಲಸ, ಒಂದು ವರ್ಷಕ್ಕೆ. ಅಲ್ಲಿಂದ ಮುಂದೆ ಎರಡು ವಾರ ಅಕ್ಕ ಅನ್ನ ಬಡಿಸುವಾಗಲೂ ಅದನ್ನೇ ತೂಗುತ್ತಿದ್ದರು.

"ಹೋಗ್ಲೋ ಬ್ಯಾಡೋ ತಿಳೀವಲ್ದು," ಎಂದರು ಒಂದು ಸಂಜೆ, ಟೆರೇಸಿನಲ್ಲಿ ಬಟ್ಟೆ ತೆಗೆಯುತ್ತಾ. "ಇವರನ್ನ ಕೇಳಿದ್ರ, ನಿನ್ನ ಇಷ್ಟ ಅಂತಾರ. ಬ್ಯಾಡ ಅಂದಿದ್ರ ಜಗಳಾ ಮಾಡಿ ಹೋಗತಿದ್ದೆ. ಹೋಗಬ್ಯಾಡ, ನೀ ಇಲ್ಲದ ಮನಿ ಹೆಂಗ ಅಂದಿದ್ರ ಸುಮ್ನ ಉಳೀತಿದ್ದೆ. ನಿನ್ನ ಇಷ್ಟ ಅಂದ್ರ ಏನ ಮಾಡ್ಲಿ ಹೇಳು?"

ಮಗಳು ಪಕ್ಕದಲ್ಲೇ ಕುಣಿಯುತ್ತಿದ್ದಳು. "ಮಮ್ಮಿ, ತೂ ಜಾ! ನನಗೆ ಅಲ್ಲಿಂದ ಟಾಯ್ಸ್ ಕಳ್ಸು," ಎಂದಳು. ಅಕ್ಕ ನಕ್ಕರು. ಆ ನಗುವಿನಲ್ಲೇ ತೀರ್ಮಾನವಾಯಿತೋ ಏನೋ... ಮುಂದಿನ ತಿಂಗಳು ಹೊರಟರು.

ಪ್ರವಾಸಿ ವೀಸಾದಲ್ಲಿ ಬನ್ನಿ, ಬಂದ ಮೇಲೆ ಕೆಲಸದ ಪರವಾನಗಿ ಮಾಡಿಸಿಕೊಡುತ್ತೇವೆಂದಿದ್ದ ಅಲ್ಲಿನ ಶಾಲೆಯವರು ಮಾಡಿಸಿಕೊಡಲೇ ಇಲ್ಲ. ನಾಲ್ಕು ತಿಂಗಳಾಗಿತ್ತು. ತಪಾಸಣೆಗೆ ಬಂದ ಅಧಿಕಾರಿಗಳು ಪ್ರವಾಸಿ ವೀಸಾದಲ್ಲಿ ಪಾಠ ಮಾಡುತ್ತಿದ್ದೀರೆಂದು ಅಕ್ಕನನ್ನು ತರಗತಿಯಿಂದ ಎಬ್ಬಿಸಿ ಕರೆದೊಯ್ದರು. ದೇಶದಿಂದ ಹೊರಹಾಕಿದ ಮೇಲೆ ಅಕ್ಕ ಒಂದು ಚೀಲ ಹಿಡಿದು ಮರಳಿ ಬಂದರು.

ಅಷ್ಟರಲ್ಲಿ ಗಂಡನಿಗೆ ಅಹಮದಾಬಾದಿಗೆ ವರ್ಗವಾಗಿ, ಅಲ್ಲಿನ ಬೋಪಾಲ್ ಬಡಾವಣೆಯಲ್ಲಿದ್ದ ತಮ್ಮ ತಂಗಿಯ ಮನೆಗೆ ಮಗಳೊಡನೆ ಸೇರಿಕೊಂಡಿದ್ದರು. "ಬಿಟ್ಟು ಹೋದವಳು ಹೋದಳು. ಹುಡುಗಿ ಈಗಷ್ಟೇ ಹೊಂದಿಕೊಂಡಿದ್ದಾಳೆ," ಎಂದರಂತೆ ನಾದಿನಿ. ಗಂಡ ಅದಕ್ಕೂ ಎದುರಾಡಲಿಲ್ಲ. ಭಾನುವಾರ ಬಂದು ನೋಡಿಕೊಂಡು ಹೋಗಬಹುದು ಎಂದಾಯಿತು.

ಅಕ್ಕ ಊರಿನ ಇನ್ನೊಂದು ತುದಿಯ ವಟ್ವಾದಲ್ಲಿ ಕೋಣೆ ಹಿಡಿದು ಅಲ್ಲಿನ ಸಣ್ಣ ಶಾಲೆಯೊಂದರಲ್ಲಿ ಕೆಲಸಕ್ಕೆ ಸೇರಿದರು. ಬಣ್ಣದ ಕಾರ್ಖಾನೆಗಳ ಘಾಟಿಗೆ ಕಿಟಕಿ ತೆಗೆಯುವಂತಿರಲಿಲ್ಲ. ಆಗಲೇ ವಡೋದರಕ್ಕೆ ಬಂದಿದ್ದ ನಾನು ಒಮ್ಮೆ ಅವರನ್ನು ನೋಡಲು ಹೋಗಿ, ವಕೀಲರನ್ನು ಕಾಣೋಣ ಎಂದೆ.

"ಕೋರ್ಟಿನ್ಯಾಗ ಆಕಿನ್ನ ನಿಲ್ಲಿಸಿ ಯಾರು ಬೇಕು ಅಂತ ಕೇಳ್ತಾರ. ಏನಂತಾಳ ಅಂತ ನಂಗ ಗೊತ್ತದ," ಎಂದರು.

ಆ ಭಾನುವಾರ ಅವರ ಜೊತೆ ಬೋಪಾಲ್‌ಗೆ ನಾನೂ ಹೋದೆ. ಮಗಳು ಲಿಫ್ಟಿನಿಂದಿಳಿದು ಗೇಟಿನ ಬಳಿ ಬಂದಳು. ಎತ್ತರವಾಗಿದ್ದಳು. ಅಕ್ಕ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ, ಅಪರಿಚಿತರ ಜೊತೆ ಮಾತಾಡುವಂತೆ ಉತ್ತರಿಸಿದಳು. ಹೊರಡುವಾಗ, "ಮಮ್ಮಿ, ನೆಕ್ಸ್ಟ್ ಸಂಡೇ ಮತ್ ಆನಾ. ಎಕ್ಸಾಮ್ಸ್ ಇದೆ, ಬರ್ಬೇಡ," ಎಂದಳು.

ಅವಳ ಲಿಫ್ಟ್ ಮೇಲೆ ಹೋಗುವವರೆಗೂ ಅಕ್ಕ ನಿಂತೇ ಇದ್ದರು. "ಎಷ್ಟು ಚಂದ ಇಂಗ್ಲಿಷ್ ಮಾತಾಡ್ತಾಳ, ಅಲ್ಲಾ?" ಎಂದರು.

ಬಸ್ಸಿನಲ್ಲಿ ತಡೆಯಲಾರದೆ ಕೇಳಿಬಿಟ್ಟೆ: "ಅಕ್ಕಾ, ಹೋಗಬಾರದಿತ್ತು ಅನ್ಸುತ್ತಾ?"

ಅವರು ಕಿಟಕಿಯತ್ತ ತಿರುಗಿದರು. "ಎಲ್ಲಾರೂ ನಾ ಹಂಗ ಅನ್ಲಿ ಅಂತ ಕಾಯಾಕತ್ತಾರ. ಆದ್ರ ಆ ನಾಕು ತಿಂಗ್ಳಿನಷ್ಟು ಖುಷಿ ನಾ ಎಂದೂ ಕಂಡಿಲ್ಲ. ಬೆಳಿಗ್ಗೆ ಕ್ಲಾಸಿಗೆ ಹೊಂಟ್ರ ಹುಡುಗರು ಓಡಿ ಬಂದು ಕೈ ಹಿಡೀತಿದ್ರು... ಇದನ್ನ ಯಾರ ಮುಂದ ಹೇಳ್ಲಿ? ಮಗಳನ್ನ ಬಿಟ್ಟು ಹೋಗಿ ಖುಷಿಯಾಗಿದ್ದೆ ಅಂದ್ರ ಯಾರು ಕೇಳ್ತಾರ?" ಆಮೇಲೆ ಸೆರಗಿನಿಂದ ಮುಖ ಮುಚ್ಚಿಕೊಂಡರು. ವಟ್ವಾ ಬರುವವರೆಗೂ ತೆಗೆಯಲಿಲ್ಲ.

ಮರುವರ್ಷದ ಮಳೆಗಾಲದಲ್ಲಿ ಅವರಿಗೆ ಕಾಮಾಲೆಯಾಯಿತು. ಜ್ವರವೆಂದುಕೊಂಡು ಶಾಲೆಗೆ ಹೋಗುತ್ತಲೇ ಇದ್ದರಂತೆ. ಸುದ್ದಿ ತಿಳಿದು ನಾನು ಅಹಮದಾಬಾದ್ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಗಳನ್ನು ಸ್ಮಶಾನಕ್ಕೆ ಕರೆತಂದಿರಲಿಲ್ಲ.

ಇದೆಲ್ಲ ಆಗಿ ವರ್ಷಗಳೇ ಕಳೆದವು. ಈಗ ನನಗೂ ಹೊರದೇಶದ ಶಾಲೆಯೊಂದರಿಂದ ಕರೆ ಬಂದಿದೆ. ಕೆಲಸದ ವೀಸಾ ಕೈಗೆ ಬರದೆ ಹೊರಡುವುದಿಲ್ಲವೆಂದೆ, ಅವರು ಒಪ್ಪಿದ್ದಾರೆ. ನನ್ನ ಮಗನಿಗೆ ಆರು ವರ್ಷ. ಅಮ್ಮ ಬೇಡವೆನ್ನುತ್ತಾಳೆ, ಗೆಳತಿಯರು ಹೋಗೆನ್ನುತ್ತಾರೆ. ನಿಜ ಹೇಳುತ್ತಿದ್ದವರು ಅಕ್ಕ ಒಬ್ಬರೇ. ನಿನ್ನೆ ಸುಮ್ಮನೆ ಅಕ್ಕನ ಹಳೆಯ ನಂಬರು ಒತ್ತಿದೆ. ಎರಡೇ ರಿಂಗಿಗೆ ಯಾರೋ ಗಂಡಸರು ಎತ್ತಿಕೊಂಡು, "ಕೋಣ್ ಬೋಲೋ ಛೋ?" ಎಂದರು. ಯಾರು ಮಾತಾಡುತ್ತಿರುವುದು ಎಂದು ಮತ್ತೊಮ್ಮೆ ಕೇಳಿದರು. ನಾನು ಫೋನ್ ಇಟ್ಟೆ.