ಎಡಗಡೆಯ ಸ್ಪೀಕರ್

ನಮ್ಮ ಯಜಮಾನರ ಕಿವಿ ಬಹಳ ಸೂಕ್ಷ್ಮ. ಇದು ನನ್ನ ಮಾತಲ್ಲ, ಅವರೇ ಹೇಳಿಕೊಳ್ಳುವುದು. ತಂಬೂರಿಯ ತಂತಿ ಕೂದಲೆಳೆಯಷ್ಟು ಇಳಿದಿದ್ದರೂ ಅವರಿಗೆ ತಿಳಿಯುತ್ತದಂತೆ. ಆದರೆ ಕುಕ್ಕರಿನ ಸೀಟಿ, ಬಾಗಿಲ ಗಂಟೆ ಮತ್ತು ನನ್ನ ದನಿ ಮಾತ್ರ ಆ ಕಿವಿಯೊಳಗೆ ಹೋಗುವುದಿಲ್ಲ. ಇಷ್ಟು ವರ್ಷ ಇದನ್ನು ನಗುತ್ತಲೇ ಹೇಳಿಕೊಂಡು ಬಂದೆ. ಈಗ ನಗು ಬರುತ್ತಿಲ್ಲ.

ಯಾಕೆಂದರೆ ಹೋದ ಮಳೆಗಾಲದಲ್ಲಿ ನನ್ನ ಎಡಗಿವಿ ಹೋಯಿತು. ಹೋಯಿತು ಎಂದರೆ ಇದ್ದಲ್ಲೇ ಇದೆ, ಬೆಂಡೋಲೆ ಹಾಕಿಕೊಳ್ಳಲು ಅಡ್ಡಿಯಿಲ್ಲ; ಕೇಳಿಸುವುದಿಲ್ಲ, ಅಷ್ಟೆ. ಡಾಕ್ಟರು ಒಂದು ಗೂಡಿನಂಥ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿ, ಇದು ತಿರುಗಿ ಬರುವಂಥದ್ದಲ್ಲ, ಬಲಗಿವಿಯನ್ನಾದರೂ ಜೋಪಾನ ಮಾಡಿಕೊಳ್ಳಿ ಎಂದರು. ಹೈದರಾಬಾದಿನ ನಾರಾಯಣಗೂಡದ ಟ್ರಾಫಿಕ್ಕಿನಲ್ಲಿ ಆಟೋ ಹತ್ತಿ ಒಬ್ಬಳೇ ಮನೆಗೆ ಬಂದೆ. ಸುಳ್ಳೇಕೆ ಹೇಳಲಿ, ಹೆದರಿದ್ದೆ. ಚಪ್ಪಲಿ ಬಿಡುವ ಮೊದಲೇ ಹೇಳಿದೆ: "ರೀ, ನನ್ನ ಎಡಗಿವಿ ಕೇಳಸವಲ್ದು. ಇನ್ನ ಸುಧಾರಿಸಂಗಿಲ್ಲಂತ."

ಅವರು ಫೋನಿನಿಂದ ತಲೆ ಎತ್ತಲಿಲ್ಲ. "ಹೂಂ. ಇಲ್ನೋಡು, ನಮ್ಮ ಮಲಗೂ ಖೋಲಿಗೆ ನಲವತ್ತು ವ್ಯಾಟಿನ ಸ್ಪೀಕರ್ ಸಾಕಾಗತಾವೇನು?" ಎಂದರು. ಊಟದ ಹೊತ್ತಿಗೆ ಮತ್ತೆ ಹೇಳಿದೆ. "ಸಾರಿಗೆ ಉಪ್ಪ ಕಡಿಮಿ ಆಗೇತಿ" ಎಂದರು.

ಇಲ್ಲೇ ಒಂದು ಕೋಚಿಂಗ್ ಸೆಂಟರಿನಲ್ಲಿ ಭೌತಶಾಸ್ತ್ರ ಕಲಿಸುತ್ತಾರೆ ನಮ್ಮವರು. ಶಬ್ದದ ಪಾಠ ಹೇಳುವುದರಲ್ಲಂತೂ ಎತ್ತಿದ ಕೈ. ಹಾಗಾಗಿ ಆಂಪ್ಲಿಫೈಯರ್ ಮತ್ತು ಒಂದು ಜೊತೆ ಸ್ಪೀಕರ್ ಆರಿಸುವ ಕೆಲಸ ಹೆಣ್ಣು ನೋಡುವುದಕ್ಕಿಂತ ಕಷ್ಟದ್ದಾಯಿತು. ನನ್ನನ್ನು ನೋಡಲು ಬಾಗಲಕೋಟೆಗೆ ಬಂದಾಗ ಒಂದು ತಟ್ಟೆ ಉಪ್ಪಿಟ್ಟು ಮುಗಿಯುವುದರೊಳಗೆ ಒಪ್ಪಿದ್ದರು. ಸ್ಪೀಕರಿಗೆ ಆರು ತಿಂಗಳು ಹಿಡಿಯಿತು. ಎರಡು ಸ್ಪೀಕರು, ಕೇಳುವವರ ತಲೆ, ಮೂರೂ ಸೇರಿ ತ್ರಿಕೋನವಾಗಬೇಕಂತೆ. ಗೋಡೆಗೆ ಹತ್ತಿಸಿಟ್ಟರೆ ದನಿ ಗುಮ್ಮೆನ್ನುತ್ತದಂತೆ. ಆ ತ್ರಿಕೋನದ ಸಲುವಾಗಿ ನನ್ನ ತವರಿನ ಅಲಮಾರಿ ಪಡಸಾಲೆಗೆ ಹೋಯಿತು, ಹೊಲಿಗೆ ಮಷೀನು ಬಾಲ್ಕನಿ ಸೇರಿತು. ಅವರ ಪುಸ್ತಕಗಳು ಮಾತ್ರ ಕದಲಲಿಲ್ಲ. ಪುಸ್ತಕ ದನಿಯನ್ನು ಹದ ಮಾಡುತ್ತದಂತೆ. ಅಲಮಾರಿಯ ಸೀರೆಯೂ ಮಾಡೀತಲ್ಲ ಎಂದು ಕೇಳಿದೆ, ಅವರು ಟೇಪು ಹಿಡಿದು ಗೋಡೆ ಅಳೆಯತೊಡಗಿದರು.

ಕೊಳ್ಳುವ ಮೊದಲು ಕೇಳಿ ನೋಡಬೇಕೆಂದು ಸುಲ್ತಾನ್ ಬಜಾರಿನ ಆಚೆಗಿನ ಒಂದು ಅಂಗಡಿಗೆ ನನ್ನನ್ನೂ ಕರೆದುಕೊಂಡು ಹೋದರು. ಒಳಗೊಂದು ಕತ್ತಲೆ ಕೋಣೆ, ಗೋಡೆಗೆಲ್ಲ ಗಾದಿ ಬಡಿದಿದ್ದರು, ನಟ್ಟನಡುವೆ ಕುರ್ಚಿ. ಒಂದೇ ಕುರ್ಚಿ. ಚಲೋ ಸಂಗೀತ ಒಂದು ಜಾಗದಲ್ಲಿ ಮಾತ್ರ ಪೂರ್ತಿ ಕೇಳುತ್ತದೆ, ಆ ಜಾಗದಲ್ಲಿ ಕೂರುವವನು ಒಬ್ಬನೇ. ನಮ್ಮವರು ಕೂತು ಕಣ್ಣು ಮುಚ್ಚಿದರು. ನಾನು ಬಜಾರಿನಲ್ಲಿ ಕೊಂಡ ಬ್ಲೌಸ್ ಪೀಸಿನ ಚೀಲ ಹಿಡಿದು ಬಾಗಿಲಿಗೆ ಒರಗಿ ನಿಂತೆ. ಅಂಗಡಿಯವನು "ಭಾಭೀ, ಆಪ್ ಭೀ ಸುನಿಯೇ" ಎಂದ. ಯಾವ ಕಿವಿಯಿಂದ ಕೇಳಲಪ್ಪಾ ಎಂದು ಬಾಯಿಗೆ ಬಂದಿತ್ತು.

ನವವಿಧ ಭಕ್ತಿಯಲ್ಲಿ ಶ್ರವಣವೇ ಮೊದಲನೆಯದು ಎನ್ನುತ್ತಾರೆ. ದೇವರ ಕಥೆ ಕೇಳಿದರೆ ಭಕ್ತ, ಗುರುವಿನ ಮಾತು ಕೇಳಿದರೆ ಶಿಷ್ಯ. ಹೆಂಡತಿಯ ಮಾತು ಕೇಳಿದರೆ ಮಾತ್ರ ಗುಲಾಮ. ಆ ಹೆಸರಿಗೆ ಹೆದರಿಯೇ ಗಂಡಸರು ಕಿವಿ ಮುಚ್ಚಿಕೊಂಡರೋ ಏನೋ. ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ ಎಂಬ ಗಾದೆಯೂ ಅಷ್ಟೆ. ಎಲ್ಲರೂ ಕೋಣನನ್ನೇ ಬೈದರು. ಆ ಕಿನ್ನರಿಯವನು ಕೋಣನ ಮಾತನ್ನು ಒಮ್ಮೆಯಾದರೂ ಕೇಳಿದ್ದನೇ ಎಂದು ಯಾರೂ ವಿಚಾರಿಸಲಿಲ್ಲ.

ಅಂತೂ ಸ್ಪೀಕರಿನ ಪೆಟ್ಟಿಗೆಗಳು ಮನೆಗೆ ಬಂದವು. ನಮ್ಮವರು ತಂತಿ ಜೋಡಿಸಿ, ಹಾಸಿಗೆಯ ಮೇಲೆ ತ್ರಿಕೋನದ ತುದಿ ಎಲ್ಲಿ ಬೀಳುತ್ತದೆಂದು ಅಳೆದು, "ಬಾ, ಇಲ್ಲಿ ಕುಂದರು. ಹೆಂಗೈತಿ ಹೇಳು" ಎಂದು ನನ್ನನ್ನು ಕೂರಿಸಿದರು. ಅಷ್ಟು ಪ್ರೀತಿಯಿಂದ ಕರೆದು ಬಹಳ ದಿನವಾಗಿತ್ತು. ಇದೇ ಸಮಯವೆಂದು ಹೇಳಿದೆ: "ಎಡಗಡೇದು ನನಗ ಕೇಳಸವಲ್ದುರಿ."

ಅವರ ಮುಖ ಬಿಳುಚಿಕೊಂಡಿತು. ಅಬ್ಬಾ, ಕೊನೆಗೂ ಒಳಗೆ ಇಳಿಯಿತು ಎಂದುಕೊಂಡೆ. ಅವರು ಎದ್ದು ಓಡಿದ್ದು ಎಡಗಡೆಯ ಸ್ಪೀಕರಿನ ಹತ್ತಿರ. ಅದಕ್ಕೆ ಕಿವಿ ಹಚ್ಚಿದರು, ತಂತಿ ಅದಲುಬದಲು ಮಾಡಿದರು, ಮತ್ತೆ ಕಿವಿ ಹಚ್ಚಿದರು. "ಹೌದಲೇ! ಸ್ವಲ್ಪ ಮಂದ ಐತಿ. ನನಗೂ ಅನಸಾಕತ್ತಿತ್ತು" ಎಂದರು. ನೋಡಿ, ಸೂಕ್ಷ್ಮ ಕಿವಿ ಎಂದರೆ ಇದು.

ಆಮೇಲೆ ಅಂಗಡಿಗೆ ಫೋನು. ನನ್ನ ಹೆಂಡತಿ ಸುಳ್ಳು ಹೇಳುವವಳಲ್ಲ, ಅವಳು ಕೇಳಿಸುವುದಿಲ್ಲ ಎಂದರೆ ಕೇಳಿಸುವುದಿಲ್ಲ ಎಂದು ಹಿಂದಿಯಲ್ಲಿ ಗುಡುಗಿದರು. ಮದುವೆಯಾದಂದಿನಿಂದ ನನ್ನ ಮಾತು ಹಿಡಿದು ಅವರು ಯಾರೊಂದಿಗೂ ಜಗಳಾಡಿದ್ದಿಲ್ಲ. ಕಣ್ಣಲ್ಲಿ ನೀರು ಬಂತು. ತೋಳು ಹಿಡಿದು ಜಗ್ಗಿ, "ಪೆಟ್ಟಿಗ್ಯಾಗ ಏನೂ ಇಲ್ಲರಿ, ದೋಷ ನನ್ನ ಕಿವ್ಯಾಗ ಐತಿ" ಎಂದೆ.

"ಸುಮ್ನಿರು ನೀ! ನಿನ್ನ ಸಲುವಾಗೇ ಮಾತಾಡಾಕತ್ತೀನಿ" ಎಂದರು.

ವಾರದೊಳಗೆ ಹೊಸ ಎಡಗಡೆಯ ಸ್ಪೀಕರು ಬಂತು. "ಈಗ?" ಎಂದು ಕೇಳಿದರು. "ಈಗ ಭಾಳ ಚಲೋ ಕೇಳತೈತ್ರಿ" ಎಂದೆ. ಅವರ ಮುಖದಲ್ಲಿ ಎಂಥ ನೆಮ್ಮದಿ! ಅದನ್ನು ಕಂಡು ನನಗೆ ಮೈ ಉರಿಯಿತು.

ಆದರೆ ದೇವರು ಪೂರ್ತಿ ನಿರ್ದಯಿಯಲ್ಲ. ಬಲಗಿವಿಯನ್ನು ದಿಂಬಿಗೆ ಒತ್ತಿ ಮಲಗಿದರೆ ಸಾಕು, ಸ್ಪೀಕರು, ಬೀದಿಯ ಹಾರನ್ನು, ಇಡೀ ಹೈದರಾಬಾದೇ ನಿಂತುಹೋಗುತ್ತದೆ ಎಂಬುದನ್ನು ಈಚೆಗೆ ಕಂಡುಕೊಂಡಿದ್ದೇನೆ. ಹೋದ ಭಾನುವಾರ ಮಧ್ಯಾಹ್ನ ಹಾಗೇ ಮಲಗಿದ್ದವಳು ಕಣ್ಣು ತೆರೆದರೆ ಇವರು ಮಂಚದ ಪಕ್ಕ ಕುಕ್ಕರಗಾಲಿನಲ್ಲಿ ಕೂತಿದ್ದರು. ಆಂಪ್ಲಿಫೈಯರಿನ ದೀಪ ಆರಿತ್ತು. ತುಟಿ ಅಲುಗುತ್ತಿತ್ತು, ಮುಖ ಎಂದಿನಂತಿರಲಿಲ್ಲ. ಚಹಾ ಕೇಳುತ್ತಿದ್ದರೋ, ಕಡೆಗೂ ಏನಾದರೂ ಹೊಳೆದಿತ್ತೋ. ಮಗ್ಗುಲು ಬದಲಿಸಿದರೆ ಗೊತ್ತಾಗುತ್ತಿತ್ತು. ನಾನು ಕಣ್ಣು ಮುಚ್ಚಿಕೊಂಡೆ. ಅಷ್ಟು ಮುಖ್ಯವಾದ ಮಾತಾಗಿದ್ದರೆ ಇನ್ನೊಮ್ಮೆ ಹೇಳಲಿ, ನಾನು ಹೇಳಲಿಲ್ಲವೇ?