ಒಬ್ಬನೇ, ಹತ್ತೇ ಬೆರಳು

ಗಿಟಾರಿನ ವಿಷಯದಲ್ಲಿ ನನಗೆ ಏನೇನು ಗೊತ್ತೋ ಅದೆಲ್ಲ ನನ್ನ ತಮ್ಮ ಹೇಳಿಕೊಟ್ಟದ್ದು. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಅವನನ್ನು ಬೈಯುವುದಿದೆ.

ಮಳವಳ್ಳಿ ಕಡೆಯ ನಮ್ಮೂರಿಂದ ಅವನು ಮದ್ದೂರಿನ ಮೊಬೈಲ್ ರಿಪೇರಿ ಅಂಗಡಿಗೆ ಕೆಲಸಕ್ಕೆ ಬಂದಾಗ ನನ್ನ ಮನೆಯಲ್ಲೇ ಉಳಿದುಕೊಂಡ. ಬರುವಾಗ ತಂದದ್ದು ಒಂದು ಬಟ್ಟೆ ಚೀಲ, ಒಂದು ಗಿಟಾರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಬೇಕು ಇವನಿಗೆ ಅಂತ ಅಪ್ಪ ಗೊಣಗಿದ್ದರು. ಹಿಟ್ಟು ನಾನು ಹಾಕುತ್ತೇನೆ, ಹೂವು ಅವನು ಮುಡಿದುಕೊಳ್ಳಲಿ ಬಿಡಪ್ಪ ಅಂತ ನಾನೇ ಅವರ ಬಾಯಿ ಮುಚ್ಚಿಸಿದ್ದೆ.

ಒಂದು ಭಾನುವಾರ ಇಯರ್‌ಫೋನಿನ ಒಂದು ತುದಿಯನ್ನು ನನ್ನ ಕಿವಿಗೆ ಸಿಕ್ಕಿಸಿ, ಎಷ್ಟು ಜನ ನುಡಿಸುತ್ತಿದ್ದಾರೆ ಹೇಳು ಅಂದ. ಮೂರು ಜನ ಅಂದೆ. ದಪ್ಪ ದನಿಗೆ ಒಬ್ಬ, ರಾಗಕ್ಕೆ ಒಬ್ಬ, ತಾಳ ಬಡಿಯಲು ಇನ್ನೊಬ್ಬ. ಅವನು ನಕ್ಕು ಮೊಬೈಲು ತಿರುಗಿಸಿ ತೋರಿಸಿದ. ಕುರ್ಚಿಯ ಮೇಲೆ ಒಬ್ಬನೇ ಒಬ್ಬ ಕೂತಿದ್ದ. ಹೆಬ್ಬೆರಳು ದಪ್ಪ ತಂತಿಗಳ ಮೇಲೆ ತನ್ನ ಪಾಡಿಗೆ ನಡೆಯುತ್ತಿತ್ತು, ಉಳಿದ ಬೆರಳುಗಳು ಸಣ್ಣ ತಂತಿಗಳಲ್ಲಿ ರಾಗ ಹೆಕ್ಕುತ್ತಿದ್ದವು, ನಡುನಡುವೆ ಅಂಗೈ ಬುಡ ಗಿಟಾರಿನ ಮರದ ಮೇಲೆ ಧಪ್ ಅಂತ ಬೀಳುತ್ತಿತ್ತು. ಗಿಟಾರು ಅಂದರೆ ಬರ್ ಬರ್ ಅಂತ ಗೀಚುವುದು ಅಂದುಕೊಂಡಿದ್ದ ನಾನು ಬಾಯಿ ಬಿಟ್ಟುಕೊಂಡು ಕೂತೆ.

"ಒಬ್ನೇ ಕಣಕ್ಕ, ಅತ್ತೇ ಬೆರ್ಳು," ಅಂದ ತಮ್ಮ. "ಇದ್ರಾಗೆ ಯಾವ ಮೋಸನೂ ನಡ್ಯಕ್ಕಿಲ್ಲ."

ನಾನು ಗೆಜ್ಜಲಗೆರೆಯ ಒಂದು ಗಾರ್ಮೆಂಟ್ಸಿನಲ್ಲಿ ಚೆಕಿಂಗ್ ಕೆಲಸದವಳು. ದಿನವಿಡೀ ಹೊಲಿಗೆಯಲ್ಲಿ ತಪ್ಪು ಹುಡುಕುವುದೇ ನನ್ನ ಅನ್ನ. ಈ ಸಂಗೀತವನ್ನೂ ಹಾಗೇ ಕೇಳಲು ಅವನು ಕಲಿಸಿದ. ಒಂದು ಸಲ ಹೆಬ್ಬೆರಳಿನ ದನಿಯನ್ನಷ್ಟೇ ಹಿಂಬಾಲಿಸು, ಇನ್ನೊಂದು ಸಲ ರಾಗವನ್ನಷ್ಟೇ, ಮತ್ತೊಂದು ಸಲ ಬಡಿತವನ್ನಷ್ಟೇ ಅಂದ. ತಂತಿಯನ್ನು ಒಂದಿಷ್ಟು ಸಡಿಲ ಮಾಡಿ ಬೇರೆ ಸ್ವರಕ್ಕೆ ಇಳಿಸಿದರೆ ಇಡೀ ಗಿಟಾರಿನ ಮನಸ್ಸೇ ಬದಲಾಗುವುದನ್ನು ತೋರಿಸಿದ. ಎಡಗೈ ಬೆರಳು ತಂತಿಯ ಮೇಲೆ ಜಾರುವಾಗ ಕಿರ್ ಅನ್ನುತ್ತದಲ್ಲ, ನನಗೆ ಅದೇ ಎಲ್ಲಕ್ಕಿಂತ ಇಷ್ಟವಾಯಿತು. ಅಲ್ಲೊಬ್ಬ ಮನುಷ್ಯ ಕೂತಿದ್ದಾನೆ ಅನ್ನುವುದಕ್ಕೆ ಅದು ಸಾಕ್ಷಿ ಅನ್ನಿಸುತ್ತಿತ್ತು.

ತಂತಿ ಮೀಟಲು ಅವನು ಬಲಗೈ ಉಗುರು ಬೆಳೆಸಿದ್ದ. ಆ ಉಗುರುಗಳಿಗೆ ನಾನು ಕಾವಲು. ಪಾತ್ರೆ ತೊಳೆಯಲು ಬಿಡಲಿಲ್ಲ, ತೆಂಗಿನಕಾಯಿ ಸುಲಿಯಲು ಬಿಡಲಿಲ್ಲ, ವಾರಕ್ಕೊಮ್ಮೆ ಕೊಬ್ಬರಿ ಎಣ್ಣೆ ಹಚ್ಚಿಸುತ್ತಿದ್ದೆ. ನನ್ನ ಗಂಡ, ಇವನೇನು ಮದುವೆ ಹೆಣ್ಣಾ ಅಂತ ರೇಗಿಸುತ್ತಿದ್ದರು.

ಹೋದ ವರ್ಷ ಅವನು ತಾನೇ ಕಟ್ಟಿದ ಒಂದು ನುಡಿಕೆಯ ವಿಡಿಯೋ ಹಾಕಿದ. ಮೂರೇ ನಿಮಿಷದ್ದು. ಅದರಲ್ಲಿ ಅವನ ಮುಖ ಮತ್ತು ಎಡಗೈ ಚೆನ್ನಾಗಿ ಕಾಣುತ್ತಿದ್ದವು, ಬಲಗೈ ಅರ್ಧ ಮಾತ್ರ. ಕೇಳಿದ್ದಕ್ಕೆ ಈಗೆಲ್ಲ ಹೀಗೇ ತೆಗೆಯುವುದು ಅಂದ. ರಾಗದ ಕೆಳಗೆ ಒಂದು ಬಡಿತವಿತ್ತು. ಎರಡು ಏಟು ಬೇಗ, ಒಂದು ತಡೆ, ಆಮೇಲೆ ಮೆತ್ತಗೆ ಮೂರನೆಯದು. ಅದರ ಬಾಲಕ್ಕೆ ಕಿಣಿ ಅಂತ ಒಂದು ಸಣ್ಣ ಸದ್ದು. ಅದು ಉಗುರು ತಂತಿಗೆ ತಾಗಿದ್ದು ಅಂತ ನಾನೇ ತೀರ್ಮಾನಿಸಿದೆ. ನಾನು ಎಣ್ಣೆ ಹಚ್ಚಿಸಿದ ಉಗುರು! ಬಸ್ಸಿನಲ್ಲಿ ಹೋಗುತ್ತಾ ಬರುತ್ತಾ ಅದನ್ನೇ ಕೇಳಿದೆ, ಕಾರ್ಖಾನೆಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಕೇಳಿಸಿದೆ.

ಚೆಕಿಂಗಿನಲ್ಲಿ ನನ್ನ ಪಕ್ಕದ ಟೇಬಲ್ಲಿನವಳು ವೈದ್ಯನಾಥಪುರದ ಕಡೆಯವಳು. ಆರು ವರ್ಷದಿಂದ ನಾವಿಬ್ಬರೂ ಒಂದೇ ಡಬ್ಬಿಯಿಂದ ಊಟ ಮಾಡಿದವರು. ಅವಳಪ್ಪ ತಮಟೆ ನುಡಿಸುವವರು. ಊಟದ ಹೊತ್ತಿನಲ್ಲಿ ಅವಳು ವಿಡಿಯೋವನ್ನು ಎರಡು ಸಲ ಕೇಳಿ, ಮೊಬೈಲು ನನ್ನ ಕೈಗಿಟ್ಟಳು.

"ಬಡ್ಯೋರು ಸುಸ್ತಾಗವ್ರೆ, ನುಡ್ಸೋನು ಸುಸ್ತಾಗಿಲ್ಲ. ಇಬ್ರು ಕಣಮ್ಮ ಇದು."

ನನಗೆ ಮೈಯೆಲ್ಲ ಉರಿದುಹೋಯಿತು. ಇಡೀ ಟೇಬಲ್ಲಿನ ಮುಂದೆ ಅಂದುಬಿಟ್ಟೆ:

"ತಮ್ಟೆ ಕೇಳ್ಕಂಡ್ ಬೆಳ್ದಿರೋ ಕಿವಿಗೆ ಇದೆಲ್ಲ ಎಲ್ ಅರ್ಥ ಆಯ್ತದೆ ಬುಡು."

ಅವಳು ಡಬ್ಬಿಯ ಮುಚ್ಚಳ ಹಾಕಿ ಎದ್ದುಹೋದಳು. ಮಾರನೆಯ ದಿನದಿಂದ ಊಟಕ್ಕೆ ಬೇರೆ ಟೇಬಲ್ಲಿನಲ್ಲಿ ಕೂತಳು. ನಾನೂ ಕರೆಯಲಿಲ್ಲ. ಮನೆಗೆ ಬಂದು ತಮ್ಮನಿಗೆ ಎಲ್ಲವನ್ನೂ, ನಾನಂದ ಮಾತನ್ನೂ ಸೇರಿಸಿ, ಹೇಳಿದೆ. ಅವನು ತಟ್ಟೆ ನೋಡುತ್ತಾ, ಅವರಿಗೇನು ಗೊತ್ತು ಬಿಡಕ್ಕ ಅಂದ. ಆ ಮಾತನ್ನು ನೆನೆದರೆ ಈಗಲೂ ರಕ್ತ ಕುದಿಯುತ್ತದೆ.

ಆರು ತಿಂಗಳು ಹೀಗೇ ಕಳೆಯಿತು. ಒಂದು ಭಾನುವಾರ ಸಂಜೆ ಮುದ್ದೆಗೆ ಹಿಟ್ಟು ಮಾಡುತ್ತಿದ್ದೆ. ಮೊಬೈಲನ್ನು ಅಡುಗೆಮನೆಯ ಗೂಡಿನಲ್ಲಿಟ್ಟು ತಮ್ಮನ ನುಡಿಕೆ ಹಾಕಿದ್ದೆ. ರಾಗಿ ಬೆಂದಿತ್ತು. ಪಾತ್ರೆಯನ್ನು ಕೆಳಗಿಳಿಸಿ, ಕಾಲಲ್ಲಿ ಅಮುಕಿ ಹಿಡಿದು, ಕೋಲಿನಿಂದ ತಿರುವಿದೆ. ತಿರುವಿ ಮುಗಿದ ಮೇಲೆ ಕೋಲಿಗೆ ಅಂಟಿದ ಹಿಟ್ಟನ್ನು ಬೀಳಿಸಲು ಪಾತ್ರೆಯ ಅಂಚಿಗೆ ಕುಟ್ಟುತ್ತೇವಲ್ಲ, ಹಾಗೆ ಕುಟ್ಟಿದೆ. ಎರಡು ಏಟು ಬೇಗ. ನನ್ನ ಬಲ ಮಣಿಕಟ್ಟು ನೋವಿನದು, ಆದ್ದರಿಂದ ಒಂದು ತಡೆ. ಆಮೇಲೆ ಮೆತ್ತಗೆ ಮೂರನೆಯದು. ಬಳೆ ಕೆಳಕ್ಕೆ ಜಾರಿ ಕಿಣಿ ಅಂದಿತು.

ಮೊಬೈಲಿನಲ್ಲೂ ಅದೇ ಹೊತ್ತಿಗೆ ಎರಡು ಏಟು, ತಡೆ, ಮೂರನೆಯದು, ಕಿಣಿ.

ನುಡಿಕೆಯನ್ನು ಮತ್ತೆ ಮೊದಲಿಂದ ಹಾಕಿದೆ. ಬಳೆ ತೆಗೆದು ಕುಟ್ಟಿದೆ, ಹಾಕಿಕೊಂಡು ಕುಟ್ಟಿದೆ. ನೂರಾರು ಸಲ ಕೇಳಿದ್ದೆ, ಕಿವಿಗೆ ತಿಳಿದಿರಲಿಲ್ಲ. ಕೈಗೆ ತಿಳಿಯಿತು.

ತಮ್ಮ ನಡುಮನೆಯಲ್ಲಿ ತಂತಿ ಬದಲಾಯಿಸುತ್ತಿದ್ದ. ಆ ಬಡಿತ ಯಾರದು ಅಂತ ಕೇಳಿದೆ. ತಲೆ ಎತ್ತದೆ, ನಂದೇ ಅಂದ. ಹಾಗಾದರೆ ತಂತಿ ಕಟ್ಟಿ ಈಗಲೇ ನನ್ನ ಮುಂದೆ ನುಡಿಸು ಅಂದೆ. ನುಡಿಸಿದ. ಹೆಬ್ಬೆರಳು ಸರಿಯಾಗಿ ನಡೆಯಿತು, ರಾಗ ಚೆನ್ನಾಗೇ ಬಂತು. ಅಂಗೈ ಮಾತ್ರ ಮರಕ್ಕೆ ಬಿದ್ದಾಗಲೆಲ್ಲ ರಾಗವೂ ಎಡವಿತು. ಎರಡನೆಯ ಸಲ ಎಡವಿದಾಗ ನಿಲ್ಲಿಸಿಬಿಟ್ಟ. ತಿಂಗಳುಗಟ್ಟಲೆ ಸಾಧನೆ ಮಾಡಿದರೂ ಎರಡೂ ಒಟ್ಟಿಗೆ ಬರಲಿಲ್ಲವಂತೆ. ಒಂದು ದಿನ ನಾನು ಹಿಟ್ಟು ತಿರುವುತ್ತಿದ್ದಾಗ ಬಾಗಿಲ ಹಿಂದೆ ಮೊಬೈಲಿಟ್ಟು ಸದ್ದು ಹಿಡಿದುಕೊಂಡನಂತೆ, ಅದನ್ನು ದಪ್ಪ ಮಾಡಿ ರಾಗದ ಕೆಳಗೆ ಕೂರಿಸಿದನಂತೆ.

"ನಿನ್ ಸದ್ದೇ ತಾನೇ ಅಕ್ಕ. ಬ್ಯಾರೇರ ಮನೇದೇನಲ್ವಲ್ಲ."

ಉಂಡೂ ಹೋದ ಕೊಂಡೂ ಹೋದ ಅಂತಾರಲ್ಲ, ಹಾಗಾಯಿತು ನನ್ನ ಕಥೆ. ಹಿಟ್ಟನ್ನೂ ಉಂಡ, ಹಿಟ್ಟಿನ ಕೋಲಿನ ಸದ್ದನ್ನೂ ಒಯ್ದ. ನಾನೋ, ನನ್ನ ಕೈ ಸದ್ದನ್ನೇ ಅವನ ಕೈಚಳಕ ಅಂತ ಊರಿಗೆಲ್ಲ ಸಾರಿದ ದಡ್ಡಿ.

"ಕೇಳಿದ್ರೆ ಕೊಡ್ತಿರ್ನಿಲ್ವೇನ್ಲಾ? ನಿನ್ ಪಕ್ದಾಗೇ ಕುಂತ್ಕಂಡು ಕುಟ್ತಿದ್ದೆ. ಇಬ್ರು ಅಂತ ಏಳಿದ್ರೆ ಸಾಕಿತ್ತು."

ಅವನು ಉಗುರು ನೋಡಿಕೊಳ್ಳುತ್ತಾ ಕೂತಿದ್ದ. ಬರೀ ತಂತಿಯಲ್ಲಿ ನುಡಿಸಿದ್ದರೂ ನಾನು ಅಷ್ಟೇ ಹಿಗ್ಗುತ್ತಿದ್ದೆ. ಆದರೆ ಒಬ್ಬನೇ, ಹತ್ತೇ ಬೆರಳು ಅಂತ ನನ್ನನ್ನು ನಂಬಿಸಿ, ಆ ನಂಬಿಕೆಗಾಗಿ ನಾನು ಗೆಳತಿಯನ್ನು ಕಳೆದುಕೊಂಡು ಬಂದು ಹೇಳಿದಾಗಲೂ ನಿಜ ಬಾಯಿಬಿಡಲಿಲ್ಲವಲ್ಲ, ಅದು ನನಗೆ ಜೀರ್ಣವಾಗಲಿಲ್ಲ. ಇವತ್ತಿಗೂ ಆಗಿಲ್ಲ.

ಸೋಮವಾರ ಊಟದ ಹೊತ್ತಿಗೆ ಅವಳ ಟೇಬಲ್ಲಿಗೆ ಹೋಗಿ ಎದುರಿಗೆ ಕೂತೆ. ನೀನು ಹೇಳಿದ್ದು ನಿಜ, ಇಬ್ಬರು ಅಂದೆ. ಇನ್ನೊಬ್ಬರು ಯಾರು ಅಂತ ಕೇಳಿದಳು.

"ನಾನೇ ಕಣಮ್ಮ. ಇಟ್ಟು ತಿರುವ್ತಿದ್ದೆ."

ಅವಳು ನಗುತ್ತಾಳೆ ಅಂದುಕೊಂಡೆ. ನಗಲಿಲ್ಲ. ನನ್ನ ಬಲಗೈಯನ್ನು ನೋಡಿ, ಅವತ್ತು ಕೈ ನೋಯುತ್ತಿತ್ತಾ ಅಂತ ಕೇಳಿದಳು. ಹೂಂ ಅಂದೆ. ಅಷ್ಟೆಲ್ಲ ಸಂಗೀತ ಕೇಳಿದ ನನ್ನ ತಮ್ಮ ಆ ಸದ್ದನ್ನು ಕದ್ದ, ಕೊಯ್ದ, ಜೋಡಿಸಿದ. ಅದರಲ್ಲಿ ನೋವಿದೆ ಅಂತ ಕೇಳಿಸಿಕೊಂಡದ್ದು ಇವಳು.

ತಮ್ಮ ಮೋಸ ಮಾಡಿದ, ಅದನ್ನು ನಂಬಿ ನಿನಗೆ ಆ ಮಾತು ಆಡಿಬಿಟ್ಟೆ, ತಪ್ಪಾಯಿತು ಅಂದೆ. ಅವಳು ತನ್ನ ಡಬ್ಬಿ ಮುಚ್ಚಿದಳು.

"ಗಿಟಾರಲ್ಲಿ ಮೋಸ ಮಾಡ್ದೋನು ನಿನ್ ತಮ್ಮ. ತಮ್ಟೆ ಮಾತು ನಿಂದೇ ಕಣಮ್ಮ."

ನಾನು ಹೌದು ಅಂತ ತಲೆ ಆಡಿಸಿದೆ. ಅವಳು ಎದ್ದು ಕೈ ತೊಳೆಯಲು ಹೋದಳು. ಈಗ ಎದುರು ಸಿಕ್ಕರೆ ಮಾತಾಡುತ್ತಾಳೆ, ಡಬ್ಬಿ ಮಾತ್ರ ಬೇರೆ ಬೇರೆ.

ತಮ್ಮ ಇನ್ನೂ ನನ್ನ ಮನೆಯಲ್ಲೇ ಇದ್ದಾನೆ. ವಿಡಿಯೋ ತೆಗೆದಿಲ್ಲ, ನಾನೂ ತೆಗೆ ಅಂದಿಲ್ಲ. ದಿನವೂ ಹಿಟ್ಟು ಮಾಡುತ್ತೇನೆ, ಅವನ ತಟ್ಟೆಗೂ ಬಡಿಸುತ್ತೇನೆ. ಆದರೆ ಅವನು ಮನೆಯಲ್ಲಿದ್ದರೆ ಕೋಲನ್ನು ಪಾತ್ರೆಯ ಅಂಚಿಗೆ ಕುಟ್ಟುವುದಿಲ್ಲ. ಕೈ ಒದ್ದೆ ಮಾಡಿಕೊಂಡು, ಸುಟ್ಟರೂ ಸರಿ, ಅಂಟಿದ ಹಿಟ್ಟನ್ನು ಬೆರಳಲ್ಲೇ ಸವರಿ ತೆಗೆಯುತ್ತೇನೆ.